ಸಂಡಿಗೆ ಕಾಯುತ್ತ ಓದಿದ್ದು

(ಹೈದರಾಬಾದಿನ ಕಾಚಿಗುಡ. ಮೇ ತಿಂಗಳು, ಊಟವಾದ ಮೇಲಿನ ಹೊತ್ತು. ಕೆಳಮನೆಯಲ್ಲಿ ಮನೆಯ ಯಜಮಾನಿತಿ: ಹುಟ್ಟಿದ್ದು ರಾಯಚೂರು, ಶಿಕ್ಷಕಿಯಾಗಿ ನಿವೃತ್ತರಾದದ್ದು ಇಲ್ಲಿ. ಮೇಲ್ಮನೆಯ ಬಾಡಿಗೆಯ ಹುಡುಗ ತೀರ್ಥಹಳ್ಳಿ ಕಡೆಯವನು, ಸಾಫ್ಟ್‌ವೇರ್ ಕೆಲಸ. ಅವನಿಗೆ ಇದು ಇಲ್ಲಿಯ ಮೊದಲ ಬೇಸಿಗೆ.)

— ಬಾಗಿಲಾ ಮುಂದ ಮಾಡ್ಕೊಂಡು ಬಾ ತಮ್ಮಾ. ಝಳ ಒಮ್ಮೆ ಒಳಗ ಹೊಕ್ಕಿತಂದ್ರ ಸಂಜಿತನಾ ಹೊರಬೀಳಂಗಿಲ್ಲ. ಮಜ್ಜಿಗಿ ಕುಡೀತಿಯೇನು?

— ಕೊಡಿ ಅಮ್ಮಾ. ಮೇಲೆ ಕೂರೋಕೇ ಆಗ್ತಿಲ್ಲ. ಸ್ಲ್ಯಾಬ್ ಕಾದು ಫ್ಯಾನು ಬಿಸಿಗಾಳಿ ಬೀಸ್ತಿದೆ. ಸುಮ್ನೆ ರಜೆ ಹಾಕಿದೆ. ಆಫೀಸಲ್ಲಿ ಏಸಿ ಆದ್ರೂ ಇರ್ತಿತ್ತು.

— ಊರಿಗೆ ಹೋಗಬೇಕಿಲ್ಲೇನು?

— ಊರಲ್ಲೀಗ ದಿನಕ್ಕೊಂದು ಮದುವೆ, ಉಪನಯನ. ಹೋದ್ರೆ ನೆಂಟರನ್ನ ಕಾರಲ್ಲಿ ಹೊತ್ತು ತಿರುಗೋ ಕೆಲಸ ನಂದೇ. ಇಲ್ಲೇ ಇದ್ದು ಆರಾಮಾಗಿ ಓದೋಣ ಅಂದ್ಕೊಂಡೆ. ಪಟ್ಟಿನೂ ಮಾಡಿದ್ದೀನಿ, ನೋಡಿ. ಮಳೆ ಶುರುವಾಗೋದ್ರೊಳಗೆ ಇಪ್ಪತ್ತು ಪುಸ್ತಕ. ಒಂದೊಂದು ಮುಗಿದ ಹಾಗೆ ಫೋನಲ್ಲಿ ಟಿಕ್ ಹಾಕ್ತಾ ಹೋಗೋದು.

— ಎಷ್ಟು ಆದ್ವು?

— ಎರಡು. ಎರಡನೇದರಲ್ಲಿ ಕೊನೇ ಭಾಗ ಸ್ವಲ್ಪ ಹಾರಿಸಿದೆ.

— ಇದು ಓದೋದಲ್ಲೋ, ವಸೂಲಿ. ಮಾರ್ಚ್ ತಿಂಗಳದಾಗ ಬ್ಯಾಂಕಿನವರು ಮನಿಮನಿ ತಿರುಗ್ತಾರಲ್ಲ, ಹಂಗ.

— ಬೈಬೇಡಿ ಅಮ್ಮಾ. ಹಾಗೆ ಲೆಕ್ಕ ಇಟ್ಕೊಳ್ಳದಿದ್ರೆ ಒಂದೂ ಓದಲ್ಲ ನಾನು. ನೀವೇನು ಓದ್ತಿದ್ದೀರಿ? ಭೂತಗನ್ನಡಿ ಬೇರೆ ಕೈಯಲ್ಲಿದೆ.

— ಮಲೆಗಳಲ್ಲಿ ಮದುಮಗಳು.

— ಈ ಬಿಸಿಲಲ್ಲಿ! ಅದರ ತುಂಬಾ ಮಳೆ, ಜಿಗಣೆ, ಕೆಸರು ಅಂತಾರೆ.

— ಅದಕ್ಕೇ. ಹೊರಗ ನಲವತ್ತೆರಡು ಡಿಗ್ರಿ ಇದ್ದಾಗ ಬಿಸಿಲಿನ ಕತಿ ಯಾಕ ಓದ್ಲಿ? ನಾ ರಾಯಚೂರಾಕಿ. ಮಳಿ ಬಂದ ದಿನ ನಮಗ ಹಬ್ಬ. ವಾರಗಟ್ಲೆ ಬಿಡದಂಗ ಸುರಿಯೋ ಮಳಿ ನಾ ಕಂಡಿದ್ದು ಕುವೆಂಪು ಅವರ ಪುಸ್ತಕದಾಗೇ. ಗುತ್ತಿ ಕಂಬಳಿ ಹೊದ್ಕೊಂಡು, ತನ್ನ ನಾಯಿ ಹುಲಿಯನನ್ನ ಬೆನ್ನಿಗೆ ಹಚ್ಕೊಂಡು ಕಾಡಿನ್ಯಾಗ ಹೊಂಟನಂದ್ರ ನನ್ನ ಕಾಲೂ ಥಂಡಿ ಆಗ್ತಾವ. ನೀ ತೀರ್ಥಹಳ್ಳಿಯಾಂವ. ಎಷ್ಟು ಸಲ ಓದೀದಿ?

— ಓದಿಲ್ಲ.

— ಏನಂದಿ?

— ಕುವೆಂಪು ಅವರ ಕುಪ್ಪಳಿ ನಮ್ಮನೆಯಿಂದ ಬೈಕಲ್ಲಿ ಹೋಗಿಬರೋ ದೂರ ಅಮ್ಮಾ. ಮನೆಗೆ ಬಂದ ನೆಂಟರನ್ನೆಲ್ಲ ಕವಿಮನೆಗೆ, ಕವಿಶೈಲಕ್ಕೆ ಕರ್ಕೊಂಡು ಹೋಗಿದ್ದೀನಿ. ನಾಟಕನೂ ನೋಡಿದ್ದೀನಿ. ಬಸವಲಿಂಗಯ್ಯ ಅವರು 2010ರಲ್ಲಿ ಮೈಸೂರು ರಂಗಾಯಣದಲ್ಲಿ ಮಾಡಿಸಿದ್ರಲ್ಲ, ರಾತ್ರಿಯಿಡೀ ಒಂಬತ್ತು ಗಂಟೆಯ ನಾಟಕ, ಅದು ಆಮೇಲೆ ಬೆಂಗಳೂರಿನ ಕಲಾಗ್ರಾಮಕ್ಕೂ ಬಂತು. ಕಾಲೇಜು ಗೆಳೆಯರೆಲ್ಲ ಹೋಗಿದ್ವಿ. ನಡುರಾತ್ರಿ ನಂಗೆ ನಿದ್ದೆ ಹತ್ತಿತು. ಪುಸ್ತಕ ದಪ್ಪ ಅಂತ ಪಟ್ಟಿಗೆ ಹಾಕ್ಲಿಲ್ಲ. ಅದೊಂದರ ಜಾಗದಲ್ಲಿ ನಾಲ್ಕು ಸಣ್ಣವು ಮುಗಿಯುತ್ತಲ್ಲ.

— ಪಟ್ಟಿ ಮಾಡೋದ್ರ ರೋಗ ಇದೇ ನೋಡು. ದಪ್ಪ ಪುಸ್ತಕಕ್ಕ ಅದ್ರಾಗ ಜಾಗಾನೇ ಸಿಗಂಗಿಲ್ಲ. ನನ್ನ ಕೇಳಿದ್ರ ಬ್ಯಾಸಗಿಗೆ ಒಂದು ಪುಸ್ತಕ ಸಾಕು. ಉಂಡು, ತಲಿದಿಂಬು ಗ್ವಾಡಿಗೆ ಹಚ್ಚಿ ಓದ್ಲಿಕ್ಕೆ ಹತ್ತು. ಮೂರು ಗಂಟಿಗೆ ಕಣ್ಣು ಎಳೀತಾವ. ಎಳೀಲಿ. ಪುಸ್ತಕ ಎದಿ ಮ್ಯಾಲ ಬೀಳ್ತದ. ಎದ್ದ ಮ್ಯಾಲ ಎಲ್ಲಿದ್ದೆ ಅಂತ ಹುಡುಕ್ಲಿಕ್ಕೆ ಎರಡು ಹಾಳಿ ಹಿಂದ ಹೋಗಬೇಕು. ಹಂಗ ಹಿಂದ ಹೋದಾಗ ಮೊದಲ ಕಾಣದ್ದು ಏನರೆ ಒಂದು ಕಾಣ್ತದ.

— ನಂಗೆ ಓದ್ತಾ ನಿದ್ದೆ ಬಂದ್ರೆ ಏನೋ ತಪ್ಪು ಮಾಡಿದ ಹಾಗೆ ಅನ್ಸುತ್ತೆ.

— ಯಾರು ಕಲಿಸಿದ್ರೋ ನಿಮಗ ಇದನ್ನ! ಈ ಊರಾಗ ಮೊದಲ ಬ್ಯಾಸಗಿ ಮಧ್ಯಾಹ್ನ ಅಂಗಡಿಯವರೇ ಅರ್ಧ ಪರದಾ ಇಳಿಸಿ ಮಲಗ್ತಿದ್ರು. ಸಾಲಿಗೋಳಂತೂ ಈಗ್ಲೂ ಮಾರ್ಚ್ ನಡುವಿಂದ ಒಂದೊಪ್ಪತ್ತು, ಏಪ್ರಿಲ್ ಕಡೀಕ ಬಂದ್ ಆದ್ರ ತೆಗೆಯೋದು ಜೂನ್ 12ಕ್ಕ. ಬಿಸಿಲಿಗೆ ಎಲ್ಲಾರೂ ತಲಿಬಾಗಿಸಿದಾಗ ಸಿಗೋ ಹೊತ್ತು ಇದು. ನೀವು ಏಸಿ ಹಚ್ಚಿ ಅದನ್ನೂ ಆಫೀಸಿಗೆ ಕೊಟ್ಟು ಬಿಟ್ರಿ.

— ಈ ಕೂಲರ್ ಚೆನ್ನಾಗಿದೆ ಆದ್ರೆ. ನಮ್ಮ ಕಡೆ ಯಾರ ಮನೇಲೂ ನೋಡಿಲ್ಲ.

— ನಿಮ್ಮ ಕಡೆ ಇಟ್ಟು ಏನು ಮಾಡ್ತಿ? ಇದರ ಆಟ ಎಲ್ಲಾ ಒಣಗಾಳಿ ಇದ್ದಲ್ಲಿ. ಮೂರು ಕಡೆ ಹುಲ್ಲಿನ ಪಟ್ಟಿ, ಅದರ ಮ್ಯಾಲ ನೀರು ಇಳೀತಿರ್ತದ. ಹೊರಗಿನ ಗಾಳಿ ಅದರೊಳಗಿಂದ ಬರೋವಾಗ ನೀರು ಆವಿ ಆಗ್ತದ, ಗಾಳಿ ತಂಪಾಗ್ತದ. ಮಂಗಳೂರಾಗ ಹಚ್ಚಿದ್ರ ಮೈ ಇನ್ನಷ್ಟು ಅಂಟು ಅಂಟು. ಹುಲ್ಲಿನ ಜೊತಿ ಒಂದು ಹಿಡಿ ಲಾವಂಚ ಸಿಗಿಸೀನಿ, ವಾಸನಿ ಬಂತಿಲ್ಲೋ? ಆದರ ಪುಸ್ತಕ ಅದರ ಎದುರಿಗೆ ಇಡಬ್ಯಾಡ. ಹಸಿಗಾಳಿಗೆ ರಟ್ಟು ಡೊಂಕಾಗ್ತದ. ನನ್ನ ‘ಗ್ರಾಮಾಯಣ’ ಹಂಗೇ ಕೆಟ್ಟಿತು.

— ನೀವು ಚಿಕ್ಕಂದಿನಿಂದ್ಲೂ ಬೇಸಿಗೆಯಲ್ಲಿ ಹೀಗೇ ಕೂತು ಓದ್ತಿದ್ರಾ?

— ಇಲ್ಲಪಾ. ಬ್ಯಾಸಗಿ ಸೂಟಿ ಇದ್ದದ್ದು ಗಂಡು ಹುಡುಗರಿಗೆ. ನಮಗ ವರ್ಷದ ದಗದ ಎಲ್ಲಾ ಆವಾಗೇ. ಉಪ್ಪಿನಕಾಯಿ, ಮೆಣಸಿನಕಾಯಿ ಖಾರಪುಡಿ, ಹಪ್ಪಳ, ಶಾವಿಗಿ, ಸಂಡಿಗಿ. ಮ್ಯಾಲ ಅಜ್ಜನ ಮನಿಗೆ ಬಂದ ಮಕ್ಕಳ ದಂಡು. ನಮ್ಮವ್ವ ಯಾವ ಬ್ಯಾಸಗ್ಯಾಗೂ ಒಂದು ಹಾಳಿ ಓದಿದ್ದು ನಾ ಕಂಡಿಲ್ಲ. ಆಕಿ ಓದ್ತಿದ್ದಿದ್ದು ಶ್ರಾವಣದಾಗ, ಮಳಿಗೆ ಹೊರಗಿನ ಕೆಲಸ ನಿಂತಾಗ.

— ಹಾಗಾದ್ರೆ ನೀವು ಯಾವಾಗ ಓದ್ತಿದ್ರಿ?

— ಸಂಡಿಗಿ ಕಾಯೋವಾಗ. ನಾಕು ಗಂಟಿಗೆ ಏಳ್ತಿದ್ವಿ. ದೊಡ್ಡ ಬೋಗಾಣಿಯೊಳಗ ಅಕ್ಕಿಹಿಟ್ಟು ಕುದಿಸಿ, ಜೀರಿಗಿ, ಹಸಿಮೆಣಸಿನಕಾಯಿ, ಉಪ್ಪು ಹಾಕಿ ಮಾಳಿಗಿಗೆ ಒಯ್ಯೋದು. ಹಳೇ ಧೋತರ ಒದ್ದಿ ಮಾಡಿ ಹಾಸಿ, ಸೌಟಿಲೆ ಸಾಲಾಗಿ ಹಾಕ್ಕೋತ ಹೋಗೋದು. ಬಿಸಿಲು ಏರೋದ್ರೊಳಗ ಮುಗೀಬೇಕು. ಆಮ್ಯಾಲ ಕಾಗಿ ಕಾಯಾಕಿ ನಾನು. ಪಾವಟಿಗಿಯ ಗ್ವಾಡಿ ಇಷ್ಟೇ ಇಷ್ಟು ನೆರಳು ಕೊಡ್ತಿತ್ತು. ಅದ್ರಾಗ ಮುದುಡಿ ಕುಂತು, ಒಂದು ಕೈಯಾಗ ಕೋಲು, ಇನ್ನೊಂದ್ರಾಗ ತ್ರಿವೇಣಿ ಅವರ ಕಾದಂಬರಿ. ನೆರಳು ಸರಿದಂಗ ನಾನೂ ಸರೀತಿದ್ದೆ. ಮರುದಿನ ಧೋತರ ಬೋರಲ ಹಾಕಿ, ಹಿಂದಿಂದ ನೀರು ಚಿಮಕಿಸಿ ಸಂಡಿಗಿ ಬಿಡಿಸೋವಾಗ, ಒಂದು ಸಾಲು ಪೂರಾ ಕಾಗಿ ಒಯ್ದದ್ದು ಗೊತ್ತಾಗ್ತಿತ್ತು. ಅವ್ವ ಲೆಕ್ಕಾ ಹಾಕಿ ಹೇಳಾಕಿ: ನಿನ್ನೆ ಕತ್ಯಾಗ ಯಾರೋ ಸತ್ತಾರ ಅಂತ ಕಾಣ್ತದ.

— ಹ್ಹಹ್ಹ! ಪುಸ್ತಕ ಎಲ್ಲಿಂದ ಸಿಗ್ತಿತ್ತು?

— ಅಪ್ಪನ ಹೆಸರಿನ ಕಾರ್ಡಿನ ಮ್ಯಾಲ ತಮ್ಮ ತರ್ತಿದ್ದ. ಹುಡುಗಿ ಲೈಬ್ರರಿಗೆ ಹೋಗೋದೇನು ಅಂತ. ಅಂವ ಕೈಗೆ ಸಿಕ್ಕಿದ್ದು ತರಾಂವ. ಅದರಿಂದ ಒಂದು ಉಪಕಾರ ಆತು; ನಾ ಆರಿಸಿದ್ರ ಎಂದೂ ಮುಟ್ಟದ ಪುಸ್ತಕ ಎಲ್ಲಾ ಓದಿದೆ. ಮತ್ತ ‘ಕಸ್ತೂರಿ’. ಹುಬ್ಬಳ್ಳಿಯಿಂದ 1956ರಾಗ ಶುರುವಾದ ಮಾಸಿಕ. ಅದರ ಕೊನಿಗೆ ಪುಸ್ತಕ ವಿಭಾಗ ಇರ್ತಿತ್ತು, ಒಂದು ಇಡೀ ಪುಸ್ತಕದ ಸಾರ. ಹೊರದೇಶದವರ ಸಾಹಸ, ಸಮುದ್ರ, ಹಿಮ, ಎಲ್ಲಾ ನಾ ರಾಯಚೂರಿನ ಮಾಳಿಗಿ ಮ್ಯಾಲ ಕುಂತು ಕಂಡದ್ದು. ಕಾಯಂ ಕಾಗಿ ಜೊತಿ.

— ನೀವು ಗಂಭೀರ ಸಾಹಿತ್ಯ ಬಿಟ್ಟು ಬೇರೆ ಓದಲ್ಲ ಅಂದ್ಕೊಂಡಿದ್ದೆ. ನನ್ನ ಪಟ್ಟೀಲಿ ಎರಡು ಥ್ರಿಲ್ಲರ್ ಇವೆ. ನಿಮಗೆ ತೋರಿಸೋಕೆ ನಾಚಿಕೆ ಆಯ್ತು.

— ಯಾಕ? ನನಗ ತೆಲುಗು ಕಲಿಸಿದ್ದು ಯಾರು ಗೊತ್ತೇನು? ಯಂಡಮೂರಿ ವೀರೇಂದ್ರನಾಥ. ಲಗ್ನ ಆಗಿ ಈ ಊರಿಗೆ ಬಂದಾಗ ತರಕಾರಿಯವನ ಕೂಡ ದಖ್ಖನಿ ಹೆಂಗೋ ನಡೀತಿತ್ತು, ತೆಲುಗು ಓದ್ಲಿಕ್ಕೆ ಬರ್ತಿದ್ದಿಲ್ಲ. ಆದರ ಅಕ್ಷರ ನಮ್ಮವಕ್ಕ ಅಕ್ಕತಂಗಿ. ತಲಿಕಟ್ಟು ಒಂದು ತಿಳಿದ್ರ ಅರ್ಧ ಕೆಲಸ ಆತು. ‘ತುಳಸಿದಳ’ ಕನ್ನಡದಾಗ ಓದಿದ್ದೆ. ಕನ್ನಡದಾಗ 1985ಕ್ಕ ಸಿನಿಮಾನೂ ಆತಲ್ಲ. ಕತಿ ಗೊತ್ತಿತ್ತು, ಹಂಗಾಗಿ ತೆಲುಗು ಪುಸ್ತಕ ಎದುರಿಗೆ ಇಟ್ಕೊಂಡು ಮುಂದೇನು ಬರ್ತದಂತ ಊಹೆ ಮಾಡ್ಕೋತ ಓದಿದೆ. ಮುಂದಿನ ಬ್ಯಾಸಗಿಗೆ ‘ವೆನ್ನೆಲ್ಲೋ ಆಡಪಿಲ್ಲ’. 1995ರಾಗ ಸುನೀಲ್ ಕುಮಾರ್ ದೇಸಾಯಿ ಅದನ್ನೇ ‘ಬೆಳದಿಂಗಳ ಬಾಲೆ’ ಅಂತ ತೆಗೆದಾಗ, ಅನಂತನಾಗ್ ಟೆಲಿಫೋನ್ ಹಿಡಿಯೋಕ್ಕಿಂತ ಮೊದಲೇ ನನಗ ಕೊನಿ ಗೊತ್ತಿತ್ತು. ಆದರೂ ಅತ್ತೆ. ಓದಿಸ್ಕೊಂಡು ಹೋಗೋ ಪುಸ್ತಕ ಸಣ್ಣದಂತ ತಿಳೀಬ್ಯಾಡ. ಹೆಂಗೂ ಬಿಸಿಲು ಇಳಿಯೋತನಾ ಹೊರಗ ಹೋಗಂಗಿಲ್ಲ.

— ಸರಿ, ಧೈರ್ಯ ಬಂತು. ಇವತ್ತು ಬೆಳಿಗ್ಗೆ ನಾನು ಎಲ್ಲಿಗೆ ಹೋಗಿದ್ದೆ ಗೊತ್ತಾ? ಅಫ್ಜಲ್‌ಗಂಜ್ ಲೈಬ್ರರಿಗೆ. ತಂಪಾಗಿರುತ್ತೆ ಅಂತ ಯಾರೋ ಹೇಳಿದ್ರು.

— ಆಸಫಿಯಾಕ್ಕ! ಹೆಂಗಿತ್ತು?

— ಅಷ್ಟೆತ್ತರದ ಚಾವಣಿ, ಅಷ್ಟು ದಪ್ಪ ಗೋಡೆ. ಫ್ಯಾನು ತಿರುಗ್ತಿತ್ತಷ್ಟೆ, ಆದ್ರೂ ಸೆಕೆ ಇರ್ಲಿಲ್ಲ. ಆದ್ರೆ ಹೊಳೆ ಕಡೆಯಿಂದ ವಾಸನೆ.

— ಮೂಸಿ ಈಗ ಹಂಗಾಗ್ಯದ. 1908ರ ಸೆಪ್ಟೆಂಬರದಾಗ ಅದೇ ಮೂಸಿ ಉಕ್ಕಿ ಅಫ್ಜಲ್‌ಗಂಜ್ ಕೊಚ್ಕೊಂಡು ಹೋಗಿತ್ತು. ಆಮ್ಯಾಲ ನಿಜಾಮರು ಕರೆಸಿದ್ದು ಯಾರನ್ನ? ನಮ್ಮ ವಿಶ್ವೇಶ್ವರಯ್ಯನವರನ್ನ. ಮ್ಯಾಲ ಕೆರಿ ಕಟ್ಟಿ ನೀರು ತಡೀರಿ ಅಂತ ಅವರು ಹೇಳಿದ್ದಕ್ಕ ಉಸ್ಮಾನ್‌ಸಾಗರ, ಹಿಮಾಯತ್‌ಸಾಗರ ಆದ್ವು. ದಂಡಿ ಕಟ್ಟಿ ತೋಟ ಮಾಡಿದ್ರು. ಆ ದಂಡಿ ಮ್ಯಾಲೇ ಲೈಬ್ರರಿ ಬಂತು. ಲೈಬ್ರರಿ ಹಳೇದು, 1891ರದ್ದು. ಈ ಕಟ್ಟಡಕ್ಕ ಬಂದದ್ದು 1936ರಾಗ. ನಾ ಅಲ್ಲಿ ಕುಂತು ಓದೋವಾಗ ಅಂದ್ಕೊಳ್ತಿದ್ದೆ, ವಿಶ್ವೇಶ್ವರಯ್ಯ ನೀರಿಗೆ ದಾರಿ ತೋರಿಸದಿದ್ರ ಈ ಪುಸ್ತಕ ಎಲ್ಲಾ ಎಂದೋ ಚಾದರಘಾಟಿನಾಚೆ ತೇಲಿ ಹೋಗ್ತಿದ್ವು.

— ಇನ್ನೊಂದು ಲೈಬ್ರರಿ ಸುಲ್ತಾನ್ ಬಜಾರಲ್ಲಿದೆಯಂತೆ, ಕೃಷ್ಣದೇವರಾಯನ ಹೆಸರಲ್ಲಿ.

— ಶ್ರೀಕೃಷ್ಣದೇವರಾಯ ಆಂಧ್ರ ಭಾಷಾ ನಿಲಯ, 1901. ಹಂಪಿಯ ರಾಜ, ಒಳಗೆ ಪುಸ್ತಕ ತೆಲುಗಿನವು! ಆದರ ಆ ಜನದ ಕಷ್ಟ ನಮ್ಮ ಕಷ್ಟಾನೇ. ಸಂಸ್ಥಾನದಾಗ ದರ್ಬಾರಿನ ಭಾಷಾ ಉರ್ದು. ಸಭಾ ಕೂಡಬೇಕಂದ್ರ ಮೊದಲ ಸರಕಾರದ ಅಪ್ಪಣಿ; ಮುಂದ ಗಸ್ತಿ ನಿಶಾನ್ 53 ಅಂತ ಸುತ್ತೋಲಿನೇ ಬಂತು. ಭಾಷಣ ಮಾಡ್ಲಿಕ್ಕೆ ಬಿಡದವರು, ಪುಸ್ತಕ ಓದ್ಲಿಕ್ಕೆ ಕೂಡ್ತೀವಂದ್ರ ಏನನ್ನಬೇಕು? ಹಂಗಾಗಿ ತೆಲುಗರು ಲೈಬ್ರರಿ ಕಟ್ಟಿದ್ರು. ನಮ್ಮವರೂ ಅದೇ ದಾರಿ ಹಿಡಿದ್ರು. ಬೀದರ, ಕಲಬುರಗಿ, ರಾಯಚೂರು 1956ರ ತನಕ ಈ ಊರಿಗೇ ಸೇರಿದ್ವಲ್ಲ. ಕೋರ್ಟು, ಕಾಲೇಜು, ನೌಕರಿ ಅಂತ ಬಂದವರು ಈ ಕಾಚಿಗುಡದ ಸುತ್ತ ಉಳಿದು ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲಿ ಮಾಡ್ಕೊಂಡ್ರು. ನಿನ್ನ ಇಪ್ಪತ್ತು ಪುಸ್ತಕದ ಪಟ್ಟಿ ಅವರಿಗೆ ತೋರಿಸಿದ್ರ ನಕ್ಕು ಸಾಯ್ತಿದ್ರು.

— ಅಮ್ಮಾ, ಒಂದು ಮಾತು ಕೇಳ್ಲಾ? ನೀವು ಹೇಳೋ ಈ ಮಧ್ಯಾಹ್ನದ ಓದು ಕೇಳೋಕೆ ಚೆಂದ. ಆದ್ರೆ ಬರ್ತಾ ಚಿಕ್ಕಡಪಲ್ಲಿ ಸಿಟಿ ಸೆಂಟ್ರಲ್ ಲೈಬ್ರರಿ ಮುಂದೆ ಹಾದು ಬಂದೆ. ಮರದ ಕೆಳಗೆ, ಮೆಟ್ಟಿಲ ಮೇಲೆ, ಎಲ್ಲಿ ನೆರಳು ಇದೆಯೋ ಅಲ್ಲೆಲ್ಲ ಹುಡುಗರು ಹುಡುಗಿಯರು. ಗ್ರೂಪ್ ಒನ್, ಗ್ರೂಪ್ ಟೂ, ಡಿಎಸ್‌ಸಿ, ಎಲ್ಲ ಸರ್ಕಾರಿ ಕೆಲಸದ ಪರೀಕ್ಷೆಗೆ. ಪ್ಲಾಸ್ಟಿಕ್ ಕುರ್ಚಿ ತಾವೇ ತಂದು ಇಟ್ಕೊಂಡಿದ್ದಾರೆ. ಅಶೋಕನಗರದ ಹಾಸ್ಟೆಲ್ಲಲ್ಲಿ ಇದ್ದು, ಡಬ್ಬಿ ಊಟ ಮಾಡಿ, ಬೆಳಗಿಂದ ರಾತ್ರಿವರೆಗೆ ಓದ್ತಾರೆ. ಈ ಊರಲ್ಲಿ ಬೇಸಿಗೆಯಲ್ಲಿ ಎಲ್ಲರಿಗಿಂತ ಹೆಚ್ಚು ಓದೋರು ಅವರೇ. ಅವರ ಮುಂದೆ ‘ಆರಾಮಾಗಿ ಓದಿ, ನಿದ್ದೆ ಬಂದ್ರೆ ಮಲಗಿ’ ಅಂತ ಹೇಳೋಕೆ ಬಾಯಿ ಬರುತ್ತಾ?

— ಬರಂಗಿಲ್ಲ. ಖರೆ.

— ಅಷ್ಟೇನಾ? ನೀವು ಏನಾದ್ರೂ ಎದುರು ಹೇಳ್ತೀರಿ ಅಂದ್ಕೊಂಡೆ.

— ಏನು ಹೇಳ್ಲಿ? ನಾ ಕಲಿಸಿದ ಹುಡುಗ ಒಬ್ಬ ಅಲ್ಲೇ ಓದ್ತಿದ್ದ. ಒಂದಿನ ಸಿಕ್ಕಾಗ ಕೇಳಿದೆ, ಏನು ಓದ್ಲಿಕತ್ತಿ ಅಂತ. ಕಾಕತೀಯರ ಕಾಲದ ಕೆರಿಗಳು ಅಂದ. ಆಮ್ಯಾಲ ತಾನಾಗೇ ಹೇಳ್ಕೋತ ನಿಂತ: ರಾಮಪ್ಪ ಕೆರಿ, ಪಾಖಾಲ ಕೆರಿ, ನೀರು ಹೆಂಗ ಒಂದರಿಂದ ಒಂದಕ್ಕ ಇಳಿಸ್ತಿದ್ರು ಅಂತ. ಪರೀಕ್ಷಾ ಮರತು ಬಿಟ್ಟಿದ್ದ. ಬಸ್ಸು ತಪ್ಪಿತು ಅವಂದು. ಅಷ್ಟು ಹೊತ್ತು ಅಂವ ಗ್ರೂಪ್ ಟೂ ಓದ್ತಿದ್ದಿಲ್ಲ, ಪುಸ್ತಕ ಓದ್ತಿದ್ದ. ಇಷ್ಟರಿಂದ ಅವನ ಕಷ್ಟ ಕಡಿಮಿ ಆಗಂಗಿಲ್ಲ, ಗೊತ್ತದ. ಆದರ ಕಂಡದ್ದು ಹೇಳಿದೆ. ಇನ್ನ ನೀನು ನ್ಯಾಯದ ಮಾತು ಎತ್ತಿದಿ ಅಂತ ನಾನೂ ಕೇಳ್ತೀನಿ: ಒಂದು ಗಂಟಿಗೆ ಬಿರಿಯಾನಿ ತರಿಸಿದ್ಯಲ್ಲ?

— ಹೌದು.

— ತಂದ ಹುಡುಗ ಹೆಲ್ಮೆಟ್ ತೆಗೆದ. ಕೂದ್ಲದಿಂದ ನೀರು ಇಳೀತಿತ್ತು. ನೀ ಮ್ಯಾಲಿಂದ ಬಾಲ್ದಿ ಇಳಿಬಿಟ್ಟು ಇಸ್ಕೊಂಡಿ. ನಾ ಕರೆದು ಕೂಡಿಸಿ ನೀರು ಕೊಟ್ಟೆ. ಎರಡು ನಿಮಿಷ ಕುಂತಾಂವ, ಫೋನ್ ಕೂಗಿತು, ಓಡಿದ.

— ನಾಳೆಯಿಂದ ಮಧ್ಯಾಹ್ನ ತರಿಸಲ್ಲ.

— ತರಿಸು, ಅವನ ಹೊಟ್ಟಿನೂ ನಡೀಬೇಕು. ಕೆಳಗ ಇಳಿದು ಇಸ್ಕೋ, ಒಂದು ಬಾಟಲಿ ತಣ್ಣೀರು ಕೊಡು. ಅಷ್ಟ.

— ಆಯ್ತು. ವಿಷಯ ಬದಲಾಯಿಸ್ತೀನಿ, ಭಾನುವಾರ ಆಬಿಡ್ಸಿಗೆ ಹೋಗೋಣ ಅಂತಿದ್ದೆ, ಫುಟ್‌ಪಾತ್ ಪುಸ್ತಕಕ್ಕೆ. ಬರ್ತೀರಾ?

— ಎಂಟೂವರಿಗೆ ಹೋಗೋದಾದ್ರ ಬರ್ತೀನಿ. ಭಾನುವಾರ ಅಂಗಡಿ ಮುಚ್ಚಿರ್ತಾವ, ಅವುಗಳ ಮುಂದಿನ ಕಟ್ಟಿ ಮ್ಯಾಲೇ ಪುಸ್ತಕ ಹರವೋದು. ಹತ್ತೂವರಿ ದಾಟಿತಂದ್ರ ಬಿಸಿಲಿಗೆ ಪುಸ್ತಕ ಮುಟ್ಟಿದ್ರ ಕೈ ಸುಡ್ತದ. ಮಾರಾವ ಕೊಡೆ ಕೆಳಗ, ಕೊಳ್ಳಾವ ಬಿಸಿಲಾಗ. ಚೌಕಾಶಿಗೆ ಅವನದೇ ಮ್ಯಾಲಗೈ. ನಾ ಅಲ್ಲಿಂದ ಮೆಡೋಸ್ ಟೇಲರ್ ತಂದೀನಿ, ಮೂರು ಪುಸ್ತಕ.

— ‘ಕನ್‌ಫೆಶನ್ಸ್ ಆಫ್ ಎ ಥಗ್’? ಅದು ನನ್ನ ಪಟ್ಟಿಯಲ್ಲಿದೆ!

— ಅದೊಂದನ್ನ ಖಂಡಿತ ಓದು. 1839ರಾಗ ಪ್ರಕಟ ಆದದ್ದು. ಬರೆದಾಂವ ಇಲ್ಲಿ ನಿಜಾಮನ ಪಡಿಯಾಗಿದ್ದ ಇಂಗ್ಲಿಷಿನಾಂವ. ಆಮ್ಯಾಲ ನಮ್ಮ ಸುರಪುರಕ್ಕ ಹೋಗಿ, ರಾಜ ಇನ್ನೂ ಹುಡುಗ ಅಂತ ಆಡಳಿತ ನೋಡ್ಕೊಂಡ. ಗುಡ್ಡದ ಮ್ಯಾಲ ಅಂವ ಕಟ್ಟಿಸಿದ ಮನಿ ಈಗ್ಲೂ ಅದ, ಟೇಲರ್ ಮಂಜಿಲ್ ಅಂತಾರ. ಆ ಹುಡುಗ ರಾಜಾ ವೆಂಕಟಪ್ಪ ನಾಯಕ ಅವನ್ನ ಅಪ್ಪಾ ಅಂತ ಕರೀತಿದ್ದ. ಟೇಲರ್ ತನ್ನ ಆತ್ಮಕತಿಯಾಗ ಅದನ್ನ ಬರ್ಕೊಂಡಾನ. 1857-58ರ ಬಂಡಾಯದಾಗ ಆ ಹುಡುಗ ಸೆರಿ ಸಿಕ್ಕು, ಹೈದರಾಬಾದಿನಾಗ ವಿಚಾರಣೆ ಆಗಿ, ಕಡೀಕ ಗುಂಡಿಗೆ ಸತ್ತ. ಟೇಲರ್ ಅವನ್ನ ಇದೇ ಊರಾಗ ಸೆರಿಮನಿಯಾಗ ನೋಡಿದ್ದ. ಥಗ್ಗರ ಕತಿ ಮುಗಿಸಿದ ಮ್ಯಾಲ ಆ ಆತ್ಮಕತಿ ತೊಗೊ. ಕಾದಂಬರಿಕ್ಕಿಂತ ಅದು ಹೆಚ್ಚು ಕಾಡ್ತದ. ಟೇಲರ್ ಒಳ್ಳೇವನೋ ಕೆಟ್ಟವನೋ ನನಗಿನ್ನೂ ತೀರ್ಮಾನ ಆಗಿಲ್ಲ.

— ಅದು ಎಷ್ಟು ಪುಟ?

— ಮತ್ತ ಪುಟ ಕೇಳ್ತಾನ!

— ತಪ್ಪಾಯ್ತು, ಬಿಡಿ. ಭೂತಗನ್ನಡಿ ಹಿಡಿದು ಹಿಡಿದು ನಿಮ್ಮ ಕೈ ನಡುಗ್ತಿದೆಯಲ್ಲ ಅಮ್ಮಾ.

— ಎರಡೂ ಕಣ್ಣಿಗೆ ಪೊರಿ ಬಂದದ. ತೆಗೆಸ್ರಿ ಅಂದಾರ ಡಾಕ್ಟರು. ಮಳಿ ಬೀಳ್ಲಿ ಅಂತ ಕುಂತೀನಿ. ದಿನಕ್ಕ ಎಂಟು ಹಾಳಿ ಆಗ್ತಾವ, ಹೆಚ್ಚಾದ್ರ ತಲಿಶೂಲಿ.

— ನಾನು ಓದಿ ಹೇಳ್ಲಾ? ಊಟ ಆದ್ಮೇಲೆ ಬರ್ತೀನಿ. ಹೇಗೂ ಮೇಲೆ ಇರೋಕಾಗಲ್ಲ, ನಿಮ್ಮ ಕೂಲರ್ ಮುಂದೆ ಕೂತ್ಕೋತೀನಿ.

— ಕೂಲರಿನ ಆಸೆಗೆ ಬರ್ತಿಯೇನು?

— ಅರ್ಧ ಅದಕ್ಕೆ.

— ಖರೆ ಹೇಳಿದಿ, ಚೊಲೋ ಆತು. ಆದರ ಟಿವಿಯಾಗ ಸುದ್ದಿ ಓದಿದಂಗ ಓದಬ್ಯಾಡ. ನಿಮ್ಮೂರಾಗ ಮಂದಿ ಹೆಂಗ ಮಾತಾಡ್ತಾರ ಹಂಗೇ ಓದು. ಅಷ್ಟು ವರ್ಷದಿಂದ ಆ ಮಾತು ನಾ ಕಣ್ಣಿಲೆ ಓದೀನಿ, ಕಿವಿಲೆ ಕೇಳಿಲ್ಲ. ನಿದ್ದಿ ಬಂದ್ರ ನಿಲ್ಲಿಸು. ನನಗ ಬಂದ್ರೂ ನಿಲ್ಲಿಸು, ಮುಂದಕ್ಕ ಓಡಬ್ಯಾಡ.

— ಸರಿ. ಮೊದಲಿನಿಂದ ಶುರು ಮಾಡ್ಲಾ, ನೀವು ನಿಲ್ಲಿಸಿದಲ್ಲಿಂದ್ಲಾ?

— ನಾ ನಿಲ್ಲಿಸಿದಲ್ಲಿಂದ. ಇಲ್ಲಿ, ಗುರುತಿಗೆ ಬಸ್ ಟಿಕೆಟ್ ಇಟ್ಟೀನಿ ನೋಡು.

— ಹಾಗಾದ್ರೆ ಹಿಂದಿನ ಕಥೆ ನಂಗೆ ತಿಳಿಯೋದು ಹೇಗೆ ಮಾರಾಯ್ರೆ?

— ನಿಮ್ಮೂರಿನ ಕತೀನೇ ಅಲ್ಲೇನು? ಎಲ್ಲಿಂದ ಹತ್ತಿದ್ರೂ ಅದ್ರಾಗ ಯಾರರೆ ಒಬ್ರು ಎಲ್ಲಿಗರೆ ಹೊಂಟಿರ್ತಾರ. ಅವರ ಹಿಂದ ಹೋಗು. ಮೊದಲ ಆ ಕೂಲರಿಗೆ ಎರಡು ಕೊಡ ನೀರು ಹಾಕಿ ಬಾ.